ಪರ್ಚೇಸಪ್ಪನ ಒಂದು ಪುಟ

ಬೆಳಿಗ್ಗೆ ಹತ್ತೂಕಾಲಿಗೆ ಪರ್ಚೇಸಪ್ಪ ತನ್ನ ಕೋಣೆಗೆ ಬಂದಾಗ ಮೇಜಿನ ಮೇಲೆ ಒಂದು ಚೀಟಿ ಅವನಿಗಾಗಿ ಕಾದು ಕೂತಿತ್ತು. ಅವನಿಗೆ ಚೀಟಿ ಬರುವುದೇ ಅಪರೂಪ. ಬಂದರೂ ‘ಬಿಳಿ ದಾರ ಆರು ಉಂಡೆ ಬೇಕು’, ‘ರಟ್ಟಿನ ಪೆಟ್ಟಿಗೆ ಮುಗಿದಿದೆ’ ಎಂಬಂಥವು. ಇದು ಹಾಗಿರಲಿಲ್ಲ. ಕಾರ್ಖಾನೆಯ ಹೊಸ ಮೇಡಂ ತಮ್ಮ ಕೈಯಾರೆ ಬರೆದದ್ದು.

‘ಪರ್ಚೇಸ್, ಪ್ರೊಕ್ಯೂರ್‌ಮೆಂಟ್, ಅಕ್ವಿಸಿಷನ್ ಅಂತ ನಮ್ಮಲ್ಲಿ ಮೂರು ವಿಭಾಗಗಳಿವೆ. ಈ ಮೂರು ಮಾತಿಗೂ ಏನು ವ್ಯತ್ಯಾಸ? ಎಲ್ಲರಿಗಿಂತ ಹೆಚ್ಚು ವರ್ಷದಿಂದ ಆ ಮಹಡಿಯಲ್ಲಿರುವ ನೀವು ಸಂಜೆ ನಾಲ್ಕರೊಳಗೆ ಒಂದು ಪುಟದಲ್ಲಿ ಬರೆದು ತನ್ನಿ. ವ್ಯತ್ಯಾಸ ಇದ್ದರೆ ಮೂರೂ ಇರಲಿ. ಇಲ್ಲದಿದ್ದರೆ ಮೂರನ್ನೂ ಸೇರಿಸಿ ಒಂದು ಮಾಡೋಣ.’

ಕೊನೆಯ ಸಾಲನ್ನು ಪರ್ಚೇಸಪ್ಪ ಮೂರು ಸಲ ಓದಿದ. ಆಮೇಲೆ ಬಾಗಿಲು ಮುಂದೆ ಮಾಡಿ ಬಂದು ನಾಲ್ಕನೆಯ ಸಲ ಓದಿದ.

ಅದೊಂದು ಗುಂಡಿ ಕಾರ್ಖಾನೆ. ಅಂಗಿಯ ಗುಂಡಿ, ಕೋಟಿನ ಗುಂಡಿ, ದಿಂಬಿನ ಚೀಲದ ಗುಂಡಿ, ಎಲ್ಲವೂ ಅಲ್ಲಿ ತಯಾರಾಗುತ್ತಿದ್ದವು. ಗುಂಡಿಗೆ ಬೇಕಾದ ಸಾಮಾನು ತರಿಸಲು ಒಬ್ಬ ಗುಮಾಸ್ತ ಸಾಕಾಗಿತ್ತು. ಆದರೆ ಕಾರ್ಖಾನೆ ಕಟ್ಟಿದ ಹಿರಿಯ ಯಜಮಾನರಿಗೆ ಮೂವರು ಅಳಿಯಂದಿರಿದ್ದರು. ಮೂವರಿಗೂ ಕೆಲಸ ಬೇಕು, ಮೂವರಿಗೂ ಸಮನಾದ ಪದವಿ ಬೇಕು, ಒಬ್ಬರ ಕೈ ಕೆಳಗೆ ಇನ್ನೊಬ್ಬರು ಕೂರುವ ಹಾಗಿಲ್ಲ. ಯಜಮಾನರು ಒಂದು ರಾತ್ರಿಯೆಲ್ಲ ಇಂಗ್ಲಿಷ್ ನಿಘಂಟು ಹಿಡಿದು ಕೂತು, ‘ಕೊಳ್ಳುವುದು’ ಎಂಬ ಒಂದೇ ಕೆಲಸಕ್ಕೆ ಮೂರು ಭಾರಿ ಮಾತುಗಳನ್ನು ಹುಡುಕಿ ತೆಗೆದರು. ದಾರ, ರಟ್ಟು, ಕಾಗದ ತರಿಸುವುದು ಪರ್ಚೇಸ್. ಗುಂಡಿಗೆ ಬೇಕಾದ ಪ್ಲಾಸ್ಟಿಕ್ ಮತ್ತು ಬಣ್ಣ ತರಿಸುವುದು ಪ್ರೊಕ್ಯೂರ್‌ಮೆಂಟ್. ಯಂತ್ರದ ಬಿಡಿಭಾಗ ತರಿಸುವುದು ಅಕ್ವಿಸಿಷನ್. ಮೊದಲ ಅಳಿಯನಿಗೆ ಉಳಿದಿಬ್ಬರ ಮುಖ ಕಂಡರಾಗದು. ಹಾಗಾಗಿ ಪರ್ಚೇಸ್ ಕೋಣೆಯನ್ನು ಮೆಟ್ಟಿಲಿನ ಆಚೆಗೆ, ಉಳಿದೆರಡನ್ನು ಈಚೆಗೆ ಅಕ್ಕಪಕ್ಕ ಕಟ್ಟಿಸಿದರು.

ಅಳಿಯಂದಿರು ಜಗಳವಾಡಿಕೊಂಡು ಯಾವತ್ತೋ ಹೋದರು. ಯಜಮಾನರೂ ಹೋದರು. ಕೋಣೆಗಳು ಮಾತ್ರ ಉಳಿದುವು, ಮಾತುಗಳೂ ಉಳಿದುವು. ಮೊದಲ ಅಳಿಯನ ಸಿಟ್ಟಿನ ಫಲವನ್ನು ಇಪ್ಪತ್ತೆರಡು ವರ್ಷದಿಂದ ಅನುಭವಿಸುತ್ತಿದ್ದವನು, ಅವನ ಮುಖವನ್ನೇ ನೋಡಿರದ ನಮ್ಮ ಪರ್ಚೇಸಪ್ಪ.

ಮೆಟ್ಟಿಲಿನ ಈಚೆ ಇದ್ದವರು ಇಬ್ಬರು. ಪ್ರೊಕ್ಯೂರ್‌ಮೆಂಟಿನ ಹೆಂಗಸನ್ನು ಎಲ್ಲರೂ ಪ್ರೊಕ್ಯೂರಮ್ಮ ಎನ್ನುತ್ತಿದ್ದರು. ಅಕ್ವಿಸಿಷನ್ ನೋಡಿಕೊಳ್ಳುವವರು ತಾತ. ನಿವೃತ್ತಿಗೆ ಇನ್ನೆರಡು ವರ್ಷ ಇದ್ದ ಅವರು ಕೆಳಗೆ ಯಂತ್ರಗಳ ನಡುವೆ ದುಡಿದು ಸುಸ್ತಾದ ಮೇಲೆ ಮಹಡಿಗೆ ಬಂದವರು. ದಿನಾ ಒಂದು ಗಂಟೆಗೆ ತಾತ ಡಬ್ಬಿ ಹಿಡಿದು ಪ್ರೊಕ್ಯೂರಮ್ಮನ ಕೋಣೆಗೆ ಹೋಗುತ್ತಿದ್ದರು. ಹತ್ತು ನಿಮಿಷಕ್ಕೆ ನಗು ಶುರುವಾಗುತ್ತಿತ್ತು. ಆ ನಗು ಮೆಟ್ಟಿಲು ದಾಟಿ ಪರ್ಚೇಸಪ್ಪನ ಕೋಣೆಗೆ ಬರುವಷ್ಟರಲ್ಲಿ ಮಾತೆಲ್ಲ ಸೋರಿಹೋಗಿ ಬರೀ ‘ಹ್ಹ ಹ್ಹ ಹ್ಹ’ ಅಷ್ಟೇ ಉಳಿದಿರುತ್ತಿತ್ತು. ಏನಕ್ಕೆ ನಗುತ್ತಿದ್ದಾರೆಂದು ತಿಳಿಯದೆಯೇ ಅವನೂ ಒಮ್ಮೊಮ್ಮೆ ತುತ್ತು ಕೈಯಲ್ಲಿ ಹಿಡಿದು ನಕ್ಕಿದ್ದುಂಟು. ಆಮೇಲೆ ಅವನಿಗೇ ನಾಚಿಕೆಯಾಗುತ್ತಿತ್ತು.

ಮನೆಯಲ್ಲಾದರೂ ಯಾರಿದ್ದರು? ಮದುವೆ ಆಗಲಿಲ್ಲ. ಏಕೆ ಎಂದು ಕೇಳಿದರೆ ಹೇಳಲು ಒಂದು ಕತೆಯೂ ಇಲ್ಲ, ಸುಮ್ಮನೆ ಆಗಲಿಲ್ಲ. ಮೂರು ವರ್ಷದ ಹಿಂದೆ ಅಮ್ಮ ತೀರಿಕೊಂಡ ಮೇಲೆ ‘ಊಟ ಆಯ್ತೇನೋ?’ ಎಂದು ಕೇಳುವ ಬಾಯಿ ಇಲ್ಲವಾಯಿತು. ಭಾನುವಾರ ಪೂರ್ತಿ ಒಂದು ಮಾತೂ ಆಡದೆ ಕಳೆದು, ಸೋಮವಾರ ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ಅವನ ಗಂಟಲು ಕಟ್ಟಿಕೊಂಡಿರುತ್ತಿತ್ತು.

ಹೀಗಿರುವಾಗ ‘ಮೂರನ್ನೂ ಸೇರಿಸಿ ಒಂದು ಮಾಡೋಣ’ ಎಂದರೆ ಹೇಗಾಗಬೇಡ! ಪರ್ಚೇಸಪ್ಪ ಒಂದು ಹಾಳೆ ಎಳೆದುಕೊಂಡು ಅದರ ಮೇಲೆ ಒಂದು ದೊಡ್ಡ ಚೌಕ ಬರೆದ. ಅದರೊಳಗೆ ಮೂರು ಮೇಜು ಬರೆದ. ಕಿಟಕಿಯ ಹತ್ತಿರ ತಾತನಿಗೆ, ಅವರ ಕಣ್ಣಿಗೆ ಬೆಳಕು ಬೇಕು. ಫ್ಯಾನಿನ ಕೆಳಗೆ ಪ್ರೊಕ್ಯೂರಮ್ಮನಿಗೆ, ಅವರಿಗೆ ಸೆಖೆ ಜಾಸ್ತಿ. ತನ್ನದನ್ನು ಇಬ್ಬರ ನಡುವೆ ಬರೆದು, ಇದು ಸ್ವಲ್ಪ ಅತಿಯಾಯಿತೆನಿಸಿ ಅಳಿಸಿ, ಬಾಗಿಲ ಪಕ್ಕಕ್ಕೆ ತಳ್ಳಿದ. ಬಾಗಿಲ ಪಕ್ಕವಾದರೇನು, ಕೋಣೆ ಒಂದೇ ತಾನೆ?

ಅಷ್ಟರಲ್ಲಿ ಬಾಗಿಲು ದಢಾರನೆ ತೆರೆಯಿತು. ಟೈಪಿಸ್ಟಮ್ಮ ಬಂದಿದ್ದರು. ಕಾರ್ಖಾನೆಯಲ್ಲಿ ಯಾರಿಗೆ ಯಾವ ಚೀಟಿ ಬಂದರೂ ಮೊದಲು ಓದುವುದು ಅವರು.

“ಅಯ್ಯೋ ಪರ್ಚೇಸಪ್ಪ, ನಿಮ್ಮ ರೂಮಿಗೆ ಕುತ್ತು ಬಂತಲ್ಲಾ! ಹೆದರ್ಕೋಬೇಡಿ. ನಾವೆಲ್ಲ ಇದ್ದೀವಿ.”

“ನಾನೇನು ಹೆದರಿಲ್ಲ ಅಕ್ಕ,” ಎಂದ ಪರ್ಚೇಸಪ್ಪ, ಹಾಳೆಯನ್ನು ಫೈಲಿನ ಕೆಳಗೆ ತೂರಿಸುತ್ತ.

“ಹೆದರಿಲ್ಲ ಅಂತ ಹೇಳೋರೇ ಜಾಸ್ತಿ ಹೆದರಿರೋದು. ವ್ಯತ್ಯಾಸ ತಾನೇ ಬೇಕು? ಎಷ್ಟು ಬೇಕೋ ಅಷ್ಟು ಹುಡುಕಿ ಕೊಡೋಣ.”

ಹತ್ತು ನಿಮಿಷದಲ್ಲಿ ಕ್ಯಾಷಿಯರ್ ಬಂದರು. ಅವರ ಬೆನ್ನಿಗೆ ಗೋಡೌನಿನವನು ಬಂದ. ಚಹಾ ತಂದ ಅಟೆಂಡರು ಲೋಟ ಇಟ್ಟು ಹೋಗುವ ಬದಲು ಗೋಡೆಗೆ ಒರಗಿ ನಿಂತ. ಇದ್ದ ಎರಡು ಕುರ್ಚಿ ಸಾಲದೆ ಕ್ಯಾಷಿಯರ್ ದಾರದ ಉಂಡೆಗಳ ಪೆಟ್ಟಿಗೆಯ ಮೇಲೆ ಕೂತರು. ಇಪ್ಪತ್ತೆರಡು ವರ್ಷದಲ್ಲಿ ಆ ಕೋಣೆಯಲ್ಲಿ ಇಷ್ಟು ಜನ ಸೇರಿದ್ದು ಇದೇ ಮೊದಲು.

“ಬಹಳ ಸುಲಭ,” ಎಂದರು ಕ್ಯಾಷಿಯರ್. “ಕೈಯಲ್ಲಿ ದುಡ್ಡು ಕೊಟ್ಟು ತಂದ್ರೆ ಅದು ಬರೀ ಬೈಯಿಂಗ್. ಚೆಕ್ ಕೊಟ್ಟು ತಂದ್ರೆ ಪರ್ಚೇಸ್. ಆಮೇಲೆ ಕೊಡ್ತೀವಿ ಅಂತ ತಂದ್ರೆ ಪ್ರೊಕ್ಯೂರ್‌ಮೆಂಟ್.”

“ಅಕ್ವಿಸಿಷನ್?”

“ಕೊಡೋದೇ ಇಲ್ಲ ಅಂತ ತಂದ್ರೆ.”

“ಏನ್ ಸ್ವಾಮಿ ನಿಮ್ಮ ಮಾತು!” ಎಂದು ಗೋಡೌನಿನವನು ತಲೆ ಕೊಡವಿದ. “ದುಡ್ಡಿಗೂ ಇದಕ್ಕೂ ಸಂಬಂಧವೇ ಇಲ್ಲ. ಸಾಮಾನು ಇಳಿಸೋನು ನಾನು, ನನ್ನ ಕೇಳಿ. ಕಂಕುಳಲ್ಲಿ ಇಟ್ಕೊಂಡು ಬರೋ ಅಷ್ಟಿದ್ರೆ ಬೈಯಿಂಗ್. ಕೈಗಾಡಿ ಬೇಕು ಅಂದ್ರೆ ಪರ್ಚೇಸ್. ಲಾರಿ ಬೇಕು ಅಂದ್ರೆ ಪ್ರೊಕ್ಯೂರ್‌ಮೆಂಟ್. ಒಳಗೆ ತರೋಕೆ ಗೋಡೆ ಒಡೀಬೇಕು ಅಂದ್ರೆ, ಅದು ಅಕ್ವಿಸಿಷನ್. ಆ ದೊಡ್ಡ ಯಂತ್ರ ಬಂದಾಗ ಒಡೆದ ಗೋಡೆಗೆ ಇನ್ನೂ ಸುಣ್ಣ ಆಗಿಲ್ಲ, ಬೇಕಾದ್ರೆ ಬಂದು ನೋಡಿ.”

“ನಮ್ಮ ಮನೇಲಿ ಹಂಗಲ್ಲ,” ಎಂದ ಅಟೆಂಡರು. “ನಾನು ತಂದಿದ್ದು ಬೈಯಿಂಗು. ನಮ್ಮವಳು ತಂದಿದ್ದು ಪರ್ಚೇಸು. ಅವಳ ತಮ್ಮ ಬಂದು ನಮ್ಮನೇಲೇ ಕೂತಿದ್ದಾನಲ್ಲ, ಅದು ಅಕ್ವಿಸಿಷನ್ನು.”

ಕೋಣೆ ನಗುವಿನಿಂದ ತುಂಬಿಹೋಯಿತು. ಪರ್ಚೇಸಪ್ಪನೂ ನಕ್ಕ. ಈ ಸಲ ಏನಕ್ಕೆ ನಗುತ್ತಿದ್ದೇನೆಂದು ಅವನಿಗೆ ಪೂರ್ತಿ ಗೊತ್ತಿತ್ತು, ಅದೇ ಅವನಿಗೊಂದು ಹಬ್ಬ. ಇವರು ಎದ್ದು ಹೋಗಬಾರದೆಂಬ ಆಸೆಗೆ ಅವನು ಬೇಕೆಂದೇ ಕೊಕ್ಕೆ ಹಾಕತೊಡಗಿದ. “ಲಾರಿಲಿ ಬಂದ ದಾರ ಏನಾಗುತ್ತೆ?” ಎಂದ. “ಕಂಕುಳಲ್ಲಿ ಯಂತ್ರದ ಮೊಳೆ ತಂದ್ರೆ?” ಎಂದ. ಒಂದೊಂದು ಕೊಕ್ಕೆಗೂ ಅರ್ಧ ಅರ್ಧ ಗಂಟೆ ವಾದ ನಡೆಯಿತು. ಟೈಪಿಸ್ಟಮ್ಮ ಮತ್ತು ಕ್ಯಾಷಿಯರ್ ಒಬ್ಬರ ಮೇಲೊಬ್ಬರು ದನಿಯೇರಿಸಿದರು. ಗೋಡೌನಿನವನು ಮೇಜು ಗುದ್ದಿದ ರಭಸಕ್ಕೆ ಚಹಾ ಚೆಲ್ಲಿ, ಮೇಡಂ ಬರೆದ ಚೀಟಿಯ ಮೇಲೆ ಹರಿದು, ‘ವ್ಯತ್ಯಾಸ’ ಎಂಬ ಮಾತೇ ಅಳಿಸಿಹೋಯಿತು. ಯಾರಿಗೂ ಅದರ ಪರಿವೆ ಇರಲಿಲ್ಲ.

ಒಂದು ಗಳಿಗೆ ಪರ್ಚೇಸಪ್ಪನಿಗೆ, ವ್ಯತ್ಯಾಸ ಇದೆ ಎಂದೇ ಬರೆದುಬಿಡೋಣವೇ ಎನಿಸಿತು. ಇಷ್ಟು ಜನ ತನಗಾಗಿ ಹೊಡೆದಾಡುತ್ತಿದ್ದಾರೆ. ರೂಮು ಉಳಿದರೆ ನಾಳೆಯೂ ಬರುತ್ತಾರೇನೋ.

ಆಗ ಒಂದು ಗಂಟೆ ಹೊಡೆಯಿತು.

“ಅಯ್ಯೋ, ಊಟದ ಹೊತ್ತು!” ಎಂದು ಟೈಪಿಸ್ಟಮ್ಮ ಎದ್ದರು. ಕ್ಯಾಷಿಯರ್ ಎದ್ದರು. ಗೋಡೌನಿನವನು ಮಾತನ್ನು ಅರ್ಧಕ್ಕೇ ನಿಲ್ಲಿಸಿ ನಡೆದ. ಒಬ್ಬೊಬ್ಬರಿಗೂ ಅವರವರ ಗುಂಪು, ಅವರವರ ಜಾಗ. “ನೀವು ಬರೀರಿ, ಬರೀರಿ. ನಿಮಗೆ ತೊಂದರೆ ಬೇಡ,” ಎಂದು ಹೋಗುವಾಗ ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡೂ ಹೋದರು. ಇಂಥ ಉಪಕಾರ ಮಾಡುವವರಿಗೆ ಏನೆನ್ನಬೇಕು!

ಅವನು ಡಬ್ಬಿ ಬಿಚ್ಚಿದ. ಮೆಟ್ಟಿಲಿನ ಕಡೆಯಿಂದ ಹ್ಹ ಹ್ಹ ಹ್ಹ ಎಂದು ಕೇಳಿಸಿತು. ಮೊದಲು ತಾತನದು, ಆಮೇಲೆ ಪ್ರೊಕ್ಯೂರಮ್ಮನದು. ಬೆಳಗಿನಿಂದ ನಾಲ್ಕು ಜನರ ನಡುವೆ ಇದ್ದುದಕ್ಕೋ ಏನೋ, ಇವತ್ತಿನ ಒಂಟಿತನ ದಿನದ್ದಕ್ಕಿಂತ ಹೆಚ್ಚು ಚುಚ್ಚಿತು. ಎರಡು ತುತ್ತು ತಿಂದು ಡಬ್ಬಿ ಮುಚ್ಚಿ, ಕೈ ತೊಳೆದು ಬಂದು, ಹೊಸ ಹಾಳೆ ತೆಗೆದುಕೊಂಡ.

‘ಮಾನ್ಯರೇ, ಪರ್ಚೇಸ್, ಪ್ರೊಕ್ಯೂರ್‌ಮೆಂಟ್, ಅಕ್ವಿಸಿಷನ್ ಈ ಮೂರಕ್ಕೂ ಯಾವ ವ್ಯತ್ಯಾಸವೂ ಇಲ್ಲ.’

ಬರೆದು ನೋಡಿದರೆ ಒಂದೇ ಸಾಲು. ಮೇಡಂ ಕೇಳಿದ್ದು ಒಂದು ಪುಟ. ಇನ್ನೂ ಇಪ್ಪತ್ತು ಸಾಲು ಎಲ್ಲಿಂದ ತರುವುದು? ಇಲ್ಲ ಎನ್ನುವುದನ್ನು ಉದ್ದ ಮಾಡುವುದು ಇದೆ ಎನ್ನುವುದಕ್ಕಿಂತ ಕಷ್ಟ. ಪೆನ್ನು ಕಚ್ಚಿ ಯೋಚಿಸಿದಾಗ ಹೋದ ವರ್ಷದ ಸಂಗತಿ ನೆನಪಾಯಿತು. ಮಗಳ ಹೆರಿಗೆಗೆಂದು ಪ್ರೊಕ್ಯೂರಮ್ಮ ರಜೆ ಹಾಕಿದ್ದಾಗಲೇ ತಾತನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಪರ್ಚೇಸಪ್ಪ ಉತ್ಸಾಹದಿಂದ ಮುಂದುವರಿಸಿದ.

‘ಕಳೆದ ವರ್ಷ ಎರಡು ತಿಂಗಳು ಮೂರೂ ವಿಭಾಗಗಳ ಕೆಲಸವನ್ನು ನಾನೊಬ್ಬನೇ ನೋಡಿಕೊಂಡೆ. ದಾರ, ಬಣ್ಣ, ಬಿಡಿಭಾಗ ಎಲ್ಲವೂ ಹೊತ್ತಿಗೆ ಸರಿಯಾಗಿ ಬಂದವು. ಒಂದು ದಿನವೂ ಯಂತ್ರ ನಿಲ್ಲಲಿಲ್ಲ. ಯಾರಿಗೂ ಯಾವ ವ್ಯತ್ಯಾಸವೂ ಕಾಣಲಿಲ್ಲ. ಸಂಜೆ ಐದಕ್ಕೆ ಸರಿಯಾಗಿ ಮನೆಗೂ ಹೋಗುತ್ತಿದ್ದೆ.’

ಕೊನೆಯದು ಶುದ್ಧ ಸುಳ್ಳು. ಆ ಎರಡು ತಿಂಗಳು ಅವನು ರಾತ್ರಿ ಏಳೂವರೆಗೆ ಮೊದಲು ಕುರ್ಚಿಯಿಂದ ಎದ್ದವನೇ ಅಲ್ಲ. ಮನೆಯಲ್ಲಿ ಕಾಯುವವರಿಲ್ಲದ್ದರಿಂದ ಅದು ಅವನಿಗೊಂದು ಕಷ್ಟವಾಗಿಯೂ ಕಂಡಿರಲಿಲ್ಲ. ಆದರೆ ಪುಟಕ್ಕೆ ಆ ಸಾಲು ಎಷ್ಟು ಚೆನ್ನಾಗಿ ಕೂತಿತೆಂದರೆ ತೆಗೆಯಲು ಮನಸ್ಸು ಬರಲಿಲ್ಲ.

ಮೂರು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ಪ್ರೊಕ್ಯೂರಮ್ಮ ಮತ್ತು ತಾತ ಹೊಸ್ತಿಲಲ್ಲಿ ನಿಂತಿದ್ದರು. ಇಬ್ಬರ ಮುಖವೂ ಬಾಡಿತ್ತು.

“ಒಳಗೆ ಬರಬಹುದಾ ಸಾರ್?” ಎಂದರು ಪ್ರೊಕ್ಯೂರಮ್ಮ. “ಕೆಲಸದಲ್ಲಿದ್ದೀರೇನೋ.”

“ಬನ್ನಿ ಬನ್ನಿ, ಕೂತ್ಕೊಳ್ಳಿ!” ಪರ್ಚೇಸಪ್ಪ ಎದ್ದ ಭರಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

“ಏನು ಬರೆದಿರಿ ಅಂತ ಕೇಳೋಕೆ ಬರಲಿಲ್ಲಪ್ಪ,” ಎಂದರು ತಾತ. “ನಿಮಗೆ ತೋಚಿದ್ದು ಬರೀರಿ. ಒಂದೇ ಒಂದು ಮಾತು ಸೇರಿಸೋಕಾಗುತ್ತಾ? ನನ್ನನ್ನ ಯಾವ ಮೂಲೆಗೆ ಹಾಕಿದ್ರೂ ಸರಿ. ಆದ್ರೆ ಈ ಅಮ್ಮನಿಂದ ಬೇರೆ ಮಾಡಬೇಡಿ ಅಂತ. ನಮ್ಮ ಮನೆಯವಳು ಹೋದ ಮೇಲೆ ಒಬ್ಬನೇ ಕೂತು ಉಂಡ್ರೆ ನನಗೆ ಗಂಟಲಲ್ಲಿ ಇಳಿಯಲ್ಲ. ನಿಮ್ಮಂಥೋರಿಗೆ ಇದೆಲ್ಲ ಹುಚ್ಚು ಅನಿಸಬಹುದು.”

ಪರ್ಚೇಸಪ್ಪ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ. ‘ನನಗೂ ಇಳಿಯಲ್ಲ ತಾತ’ ಎನ್ನಬೇಕು. ಬಾಯಿ ತೆರೆದ. ಬಂದದ್ದು ಮಾತ್ರ, “ಆಗಲಿ, ಅದಕ್ಕೇನಂತೆ, ಸೇರಿಸ್ತೀನಿ” ಎಂಬ ಆಫೀಸಿನ ಮಾತು.

ಅವರು ಹೋದ ಮೇಲೆ ಪುಟದ ಕೊನೆಗೆ ಬರೆಯಲು ಕೂತ. ‘ನಮ್ಮ ಮೂವರನ್ನೂ’ ಎಂದು ಶುರುಮಾಡಿದ. ಕೈ ತಡೆಯಿತು. ಅವರು ಕೇಳಿದ್ದು ಅವರಿಬ್ಬರಿಗೆ. ಕರೆಯದವನು ನಡುವೆ ತಾನೇ ಹೋಗಿ ಕೂತ ಹಾಗಾಗುವುದಿಲ್ಲವೇ? ಮೇಡಂ ಓದಿ ಏನಂದುಕೊಂಡಾರು, ಐವತ್ತರ ಹತ್ತಿರದ ಗಂಡಸು ಜೊತೆ ಬೇಕೆಂದು ಅರ್ಜಿ ಹಾಕಿದ್ದಾನೆ ಎಂದೇ? ಹೇಗೂ ಮೂರೂ ಒಂದಾದ ಮೇಲೆ ತಾನೂ ಅಲ್ಲೇ ಇರುತ್ತೇನಲ್ಲ. ‘ನಮ್ಮ ಮೂವರನ್ನೂ’ ಎಂಬುದನ್ನು ಹೊಡೆದುಹಾಕಿ, ಹೊಸ ಹಾಳೆಯಲ್ಲಿ ಎಲ್ಲವನ್ನೂ ಅಂದವಾಗಿ ಬರೆದು, ಕೊನೆಗೆ ಸೇರಿಸಿದ: ‘ಪ್ರೊಕ್ಯೂರ್‌ಮೆಂಟ್ ಮತ್ತು ಅಕ್ವಿಸಿಷನ್ ವಿಭಾಗದ ಇಬ್ಬರನ್ನೂ ಯಾವ ಕಾರಣಕ್ಕೂ ಬೇರೆ ಬೇರೆ ಮಾಡಬಾರದಾಗಿ ಕೋರಿಕೆ.’

ನಾಲ್ಕಕ್ಕೆ ಸರಿಯಾಗಿ ಮೇಡಂ ಎದುರು ನಿಂತ. ಹಿರಿಯ ಯಜಮಾನರ ಮೊಮ್ಮಗಳು ಅವರು. ಅಜ್ಜನ ನಿಘಂಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಪುಟವನ್ನು ಒಮ್ಮೆ ಓದಿದರು. ಕನ್ನಡಕ ತೆಗೆದು ಅವನ ಮುಖ ನೋಡಿದರು.

“ಈ ಕಾರ್ಖಾನೇಲಿ ಇಷ್ಟು ನೇರವಾಗಿ ಬರೆದ ಮೊದಲನೇ ಮನುಷ್ಯ ನೀವು. ಕೂತ್ಕೊಳ್ಳಿ. ಮಾರಾಟದವರನ್ನೂ ಇದೇ ಕೇಳಿದ್ದೆ. ಸೇಲ್ಸ್, ಮಾರ್ಕೆಟಿಂಗ್, ಟ್ರೇಡಿಂಗ್ ಅಂತ ಅಲ್ಲೂ ಮೂರು ಮಾಡಿಟ್ಟಿದ್ದಾರಲ್ಲ ನಮ್ಮ ಅಜ್ಜ, ಗಂಡುಮಕ್ಕಳಿಗೋಸ್ಕರ. ಅವರು ಹನ್ನೊಂದು ಪುಟ ಬರೆದು ತಂದ್ರು. ಓದಿ ಮುಗಿಸೋ ಹೊತ್ತಿಗೆ ಮೂರೂ ಬೇರೆ ಬೇರೆ ಅಂತ ನನಗೇ ನಂಬಿಕೆ ಬಂದ್ಬಿಡ್ತು. ಇನ್ನೂ ಇಬ್ಬರು ಬೇಕು ಅಂತಿದ್ದಾರೆ.”

“ಹೌದಾ ಮೇಡಂ.”

“ನಿಮ್ಮ ಪುಟದಿಂದ ಅದೂ ಬಗೆಹರೀತು. ಮೂರೂ ಒಂದೇ, ಮೂರನ್ನೂ ಒಬ್ಬರೇ ಮಾಡಬಹುದು, ಅದೂ ಐದು ಗಂಟೆಯೊಳಗೆ. ನೀವೇ ಬರೆದಿದ್ದೀರಿ. ಆ ಇಬ್ಬರನ್ನ ನಾಳೆಯಿಂದ ಕೆಳಗೆ ಮಾರಾಟಕ್ಕೆ ಹಾಕ್ತೀನಿ. ಬೇರೆ ಬೇರೆ ಮಾಡಲ್ಲ, ಯೋಚನೆ ಬೇಡ. ಒಂದೇ ಮೇಜು. ಅಲ್ಲಿ ಹದಿನೆಂಟು ಜನ, ಯಾವಾಗಲೂ ಗಲಗಲ ಅಂತಿರುತ್ತೆ. ಮಹಡಿ ಪೂರ್ತಿ ನಿಮಗೇ.”

ಪರ್ಚೇಸಪ್ಪ ಕುರ್ಚಿಯ ತುದಿಗೆ ಸರಿದ.

“ಮೇಡಂ, ಒಂದು... ಒಂದು ಸಣ್ಣ ವ್ಯತ್ಯಾಸ ಇದೆ.”

“ಏನು?”

“ಕಂಕುಳಲ್ಲಿ ಇಟ್ಕೊಂಡು ಬಂದ್ರೆ ಬೈಯಿಂಗ್ ಮೇಡಂ. ಕೈಗಾಡೀಲಿ ಬಂದ್ರೆ ಪರ್ಚೇಸ್. ಲಾರೀಲಿ ಬಂದ್ರೆ ಪ್ರೊಕ್ಯೂರ್‌ಮೆಂಟ್. ಗೋಡೆ ಒಡೆದ್ರೆ ಅಕ್ವಿಸಿಷನ್. ಇಷ್ಟನ್ನೂ ಒಬ್ಬನೇ ಮಾಡೋದು ಅಂದ್ರೆ...”

ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಗೋಡೆ ಒಡೆದ್ರೆ ಅಕ್ವಿಸಿಷನ್! ಅಯ್ಯೋ, ನೀವು ಇಷ್ಟು ತಮಾಷೆ ಮನುಷ್ಯ ಅಂತ ಗೊತ್ತೇ ಇರಲಿಲ್ಲ. ಎಲ್ಲರೂ ಬಹಳ ಗಂಭೀರ, ಒಬ್ಬರೇ ಇರೋದು ಇಷ್ಟ ಅಂತಿದ್ರು.”

“ಯಾರು ಹೇಳಿದ್ದು ಮೇಡಂ?”

“ಎಲ್ಲರೂ,” ಎಂದರು ಮೇಡಂ, ಪುಟದ ಮೇಲೆ ಸಹಿ ಹಾಕುತ್ತ.

ಅವನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಮಹಡಿ ಸೇರಿತ್ತು. ಟೈಪಿಸ್ಟಮ್ಮ ಬಿಟ್ಟಾರೆಯೇ? ಪ್ರೊಕ್ಯೂರಮ್ಮ ತಮ್ಮ ಲೋಟ, ಪೆನ್ನು, ಮೊಮ್ಮಗುವಿನ ಫೋಟೋ ಎಲ್ಲವನ್ನೂ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ನಿಂತಿದ್ದರು. ತಾತ ಮುಂದೆ ಬಂದು ಅವನ ಎರಡೂ ಕೈ ಹಿಡಿದುಕೊಂಡರು.

“ಮಗನ ಹಾಗೆ ಮಾಡಿದಿರಪ್ಪ. ಒಂದೇ ಮೇಜಂತೆ. ಈ ಉಪಕಾರ ಮರೆಯಲ್ಲ.”

“ನಿಮ್ಮನ್ನ ಒಂದು ಮಾತು ಕೇಳಬೇಕು ಅಂತಿದ್ವಿ ಸಾರ್,” ಎಂದರು ಪ್ರೊಕ್ಯೂರಮ್ಮ, ಪೆಟ್ಟಿಗೆಯನ್ನು ಸೊಂಟಕ್ಕೆ ಆನಿಸಿಕೊಂಡು. “ದಿನಾ ಡಬ್ಬಿ ಬಿಚ್ಚುವಾಗ ತಾತ ಹೇಳೋರು, ಆ ಪರ್ಚೇಸಪ್ಪನ್ನೂ ಕರೀರಮ್ಮ ಅಂತ. ನಾನೇ ಬೇಡ ಅಂತಿದ್ದೆ. ಕೆಲಸದ ಮನುಷ್ಯ, ಬಾಗಿಲು ಯಾವಾಗ್ಲೂ ಮುಚ್ಚಿರುತ್ತೆ, ತೊಂದರೆ ಮಾಡಬಾರದು ಅಂತ. ಕರೆದಿದ್ರೆ ಬರ್ತಿದ್ರಾ?”

ಬಾಗಿಲು ಮುಚ್ಚುತ್ತಿದ್ದದ್ದು ಒಬ್ಬನೇ ಉಣ್ಣುವುದು ಯಾರಿಗೂ ಕಾಣದಿರಲಿ ಎಂದು. ಅದನ್ನು ಈಗ ಹೇಳಿ ಪ್ರಯೋಜನವೇನು? ಸಂತೋಷವಾಗಿ ಹೊರಟವರನ್ನು ಅಳಿಸಿ ಕಳಿಸುವುದೇ?

“ಎಲ್ಲಿ ಬರ್ತಿದ್ದೆ, ಬಿಡಿ,” ಎಂದ ಪರ್ಚೇಸಪ್ಪ. “ಕೆಲಸವೇ ಇರ್ತಿತ್ತು.”

“ನಾನು ಹೇಳಲಿಲ್ವಾ ತಾತ?” ಎಂದು ಪ್ರೊಕ್ಯೂರಮ್ಮ ನಿರಾಳವಾಗಿ ನಕ್ಕರು. ಇಬ್ಬರೂ ಮೆಟ್ಟಿಲಿಳಿದು ಹೋದರು. ಇಳಿಯುತ್ತ ತಾತ ಏನೋ ಹೇಳಿದರು, ಪ್ರೊಕ್ಯೂರಮ್ಮ ಗಟ್ಟಿಯಾಗಿ ನಕ್ಕರು. ಕೆಳಗಿನ ಬಾಗಿಲು ಮುಚ್ಚಿದ ಮೇಲೆ ಅದೂ ಕೇಳಿಸದಾಯಿತು.

ಪರ್ಚೇಸಪ್ಪ ತನ್ನ ಕೋಣೆಯ ಕಡೆ ತಿರುಗಿದ. ಅಟೆಂಡರು ಏದುಸಿರು ಬಿಡುತ್ತ ಮೇಲೆ ಬಂದು ಒಂದು ಹೊಚ್ಚ ಹೊಸ ಫ್ಲಾಸ್ಕನ್ನು ಅವನ ಕೈಗೆ ಕೊಟ್ಟ.

“ಏನಪ್ಪಾ ಇದು?”

“ನಿಮಗೇ ಸಾರ್. ಮೇಡಂ ಕೊಟ್ಟಿದ್ದು. ಒಬ್ಬರಿಗೋಸ್ಕರ ದಿನಾ ನಾಲ್ಕು ಸಲ ಮಹಡಿ ಹತ್ತೋದು ಬೇಡ ಅಂದ್ರು. ನಾಳೆಯಿಂದ ಬೆಳಿಗ್ಗೆ ಬರುವಾಗ ನೀವೇ ಕೆಳಗಿಂದ ತುಂಬಿಸ್ಕೊಂಡು ಬಂದ್ಬಿಡಿ. ಸಂಜೆವರೆಗೂ ಬಿಸಿ ಇರುತ್ತಂತೆ.” ಅವನು ಮುಚ್ಚಳ ತಿರುಗಿಸಿ ತೋರಿಸಿದ. “ಒಳ್ಳೇ ಮಾಲು ಸಾರ್. ಎರಡು ಲೋಟ ಜೊತೇಲಿ ಬಂದಿದೆ.”